ಕೊಮೊರು: ಗುಹೆಯಿಂದ ಕೋಣೆಯವರೆಗೆ

ಶಾಲೆ, ಕೆಲಸ, ಗೆಳೆತನ ಎಲ್ಲದರಿಂದ ಹಿಂದೆ ಸರಿದು ತಿಂಗಳುಗಟ್ಟಲೆ, ವರ್ಷಗಟ್ಟಲೆ ಮನೆಯೊಳಗೇ ಉಳಿದುಬಿಡುವವರನ್ನು ಜಪಾನೀಯರು ‘ಹಿಕಿಕೊಮೊರಿ’ ಎನ್ನುತ್ತಾರೆ. 2010ರಲ್ಲಿ ಈ ಪದ ‘ಆಕ್ಸ್‌ಫರ್ಡ್ ಡಿಕ್ಷನರಿ ಆಫ್ ಇಂಗ್ಲಿಷ್’ನ ಮೂರನೆಯ ಆವೃತ್ತಿಯೊಳಗೂ ಬಂತು. ಮನೋವೈದ್ಯರು, ಸರ್ಕಾರಿ ಅಧಿಕಾರಿಗಳು, ಪತ್ರಕರ್ತರು ಇದನ್ನು ಬಳಸುತ್ತಾರೆ. ಅನಿಮೆ ನೋಡುವ ಹುಡುಗ ಹುಡುಗಿಯರ ಬಾಯಲ್ಲಿಯೂ ಇದು ಸಲೀಸಾಗಿ ಓಡಾಡುತ್ತದೆ. ‘ಒಸೊಮಾತ್ಸು-ಸಾನ್’ ಎಂಬ ಹಾಸ್ಯ ಸರಣಿಯಲ್ಲಿ ಒಂದೇ ಬಸಿರಲ್ಲಿ ಹುಟ್ಟಿದ ಆರು ಜನ ಅಣ್ಣತಮ್ಮಂದಿರಿದ್ದಾರೆ. ಅವರಲ್ಲಿ ನಾಲ್ಕನೆಯವನು ಇಚಿಮಾತ್ಸು. ಮಾತು ಕಡಿಮೆ, ಜನ ಕಂಡರೆ ಹಿಂಜರಿಕೆ, ಬೀದಿ ಬೆಕ್ಕುಗಳ ಸಹವಾಸವೇ ಇಷ್ಟ. ಅವನನ್ನು ಕಂಡ ಎಷ್ಟೋ ಜನ ‘ಹಿಕಿಕೊಮೊರಿ’ ಎಂದು ಹೆಸರಿಟ್ಟು ಸುಮ್ಮನಾಗುತ್ತಾರೆ.

ಆ ಹೆಸರು ಅವನಿಗೆ ಒಪ್ಪುತ್ತದೆಯೇ? ಇವತ್ತಿನ ಅರ್ಥವೊಂದನ್ನೇ ಹಿಡಿದು ಇದಕ್ಕೆ ಉತ್ತರ ಹೇಳಲಾಗದು. ಈ ಪದದ ಬೇರು ಜಪಾನಿನ ಅತ್ಯಂತ ಹಳೆಯ ಗ್ರಂಥದಲ್ಲಿದೆ. ಅಲ್ಲಿಂದ ಇಲ್ಲಿಗೆ ಬರುವಷ್ಟರಲ್ಲಿ ಅದು ದೇವಸ್ಥಾನ ಕಂಡಿದೆ, ಕೋಟೆ ಕಂಡಿದೆ, ತಾಯಿಯ ಗರ್ಭ ಕಂಡಿದೆ. ಇಷ್ಟು ದೊಡ್ಡ ಬಾಳು ಬಾಳಿದ ಪದವೊಂದು ನಮ್ಮ ಕಾಲದಲ್ಲಿ ರೋಗದ ಚೀಟಿಯಂತೆ ಮನುಷ್ಯರ ಮೇಲೆ ಅಂಟಿಕೊಂಡದ್ದು ಹೇಗೆ ಎಂದು ತಿಳಿದರೆ, ಇಚಿಮಾತ್ಸುವಿನಂಥವರನ್ನು ನೋಡುವ ನಮ್ಮ ಕಣ್ಣೂ ಬದಲಾದೀತು.

ಮೊದಲು ಪದವನ್ನು ಬಿಡಿಸೋಣ. ‘ಹಿಕು’ ಎಂದರೆ ಎಳೆ, ಹಿಂದಕ್ಕೆ ಸರಿ. ‘ಕೊಮೊರು’ ಎಂದರೆ ಒಳಗೆ ಸೇರಿಕೊ, ಒಳಗೇ ಇರು, ಒಳಗೆ ತುಂಬಿಕೊ. ಎರಡೂ ಕೂಡಿದರೆ ‘ಹಿಕಿಕೊಮೊರು’, ಹಿಂದೆ ಸರಿದು ಒಳಗೆ ಸೇರಿಕೊಳ್ಳುವುದು. ಇದು ಕ್ರಿಯಾಪದ. ಇದರ ಕೊನೆಯ ಉಕಾರ ಇಕಾರವಾದರೆ ‘ಹಿಕಿಕೊಮೊರಿ’ ಎಂಬ ನಾಮಪದ ಸಿಗುತ್ತದೆ. ಕೊಮೊರು ಬರೆಯಲು ಬಳಸುವ ಕಾಂಜಿ ಅಕ್ಷರಕ್ಕೆ 22 ಗೆರೆಗಳು. ಮೇಲೆ ಬಿದಿರಿನ ಚಿಹ್ನೆ, ಕೆಳಗೆ ಡ್ರ್ಯಾಗನ್ ಎಂಬ ಅರ್ಥದ ಅಕ್ಷರ. ಆ ಡ್ರ್ಯಾಗನ್ ಇರುವುದು ಉಚ್ಚಾರಣೆಯನ್ನು ಸೂಚಿಸಲು ಮಾತ್ರ. ಇದೇ ಅಕ್ಷರವನ್ನು ‘ಕಾಗೊ’ ಎಂದು ಓದಿದರೆ ಬಿದಿರ ಬುಟ್ಟಿ. ಬರೆಯಲು ಕಷ್ಟವಾದ ಈ ಅಕ್ಷರ ಸರ್ಕಾರದ ನಿತ್ಯಬಳಕೆಯ ಪಟ್ಟಿಗೆ ಸೇರಿದ್ದೇ 2010ರಲ್ಲಿ. ಹಾಗಾಗಿ ಹಿಕಿಕೊಮೊರಿಯನ್ನು ಸರಳವಾದ ಹಿರಗಾನಾ ಲಿಪಿಯಲ್ಲಿ ಬರೆಯುವ ರೂಢಿ ಬೆಳೆಯಿತು. ಹೀಗೆ ಬರೆದಾಗ ಬುಟ್ಟಿಯೂ ಬಿದಿರೂ ಕಣ್ಣಿಂದ ಮರೆಯಾಗಿ ಬರೀ ಸದ್ದು ಉಳಿಯುತ್ತದೆ.

ಆ ಸದ್ದು ಮಾತ್ರ ಬಹಳ ಹಳೆಯದು. ಕ್ರಿ.ಶ. 712ರಲ್ಲಿ ಓ ನೊ ಯಾಸುಮಾರೊ ಬರೆದು ಅರಸಿಗೆ ಒಪ್ಪಿಸಿದ ‘ಕೊಜಿಕಿ’ ಜಪಾನಿನಲ್ಲಿ ಉಳಿದುಬಂದಿರುವ ಗ್ರಂಥಗಳಲ್ಲಿ ಎಲ್ಲಕ್ಕಿಂತ ಹಳೆಯದು. ಆಗಿನ್ನೂ ಜಪಾನೀ ಭಾಷೆಗೆ ಸ್ವಂತ ಲಿಪಿ ಇರಲಿಲ್ಲ, ಚೀನೀ ಅಕ್ಷರಗಳಲ್ಲೇ ಬರೆಯಬೇಕಿತ್ತು. ಕೆಲವು ಅಕ್ಷರಗಳನ್ನು ಅರ್ಥಕ್ಕಾಗಿ, ಕೆಲವನ್ನು ಉಚ್ಚಾರಕ್ಕಾಗಿ ಬಳಸುತ್ತಿದ್ದರು. ಸೂರ್ಯದೇವಿ ಅಮಾತೆರಾಸು ಗುಹೆ ಸೇರುವ ಸಂದರ್ಭದಲ್ಲಿ ಯಾಸುಮಾರೊ ಕೊ, ಮೊ, ರಿ ಎಂದು ಮೂರು ಅಕ್ಷರ ಬರೆದು, ಈ ಮೂರನ್ನು ಉಚ್ಚಾರವಾಗಿ ಓದಬೇಕು ಎಂದು ಪಕ್ಕದಲ್ಲೇ ಟಿಪ್ಪಣಿ ಹಾಕಿದ್ದಾನೆ. ಚೀನೀ ಅರ್ಥಕ್ಕೆ ಬಿಟ್ಟುಕೊಡದೆ ತನ್ನ ಜನರ ಬಾಯಿಮಾತನ್ನು ಹಾಗೆಯೇ ಉಳಿಸಬೇಕೆಂದು ಅವನು ಪಟ್ಟ ಕಾಳಜಿ ಆ ಪುಟ್ಟ ಟಿಪ್ಪಣಿಯಲ್ಲಿ ಕಾಣುತ್ತದೆ.

ಕತೆ ಹೀಗಿದೆ. ಅಮಾತೆರಾಸುವಿನ ತಮ್ಮ ಸುಸಾನೊ ಬಿರುಗಾಳಿಯ ಸ್ವಭಾವದವನು. ಅಕ್ಕನ ಗದ್ದೆಯ ಬದುಗಳನ್ನು ಒಡೆದ, ನೇಯ್ಗೆಯ ಮನೆಯ ಸೂರಿನಿಂದ ಚರ್ಮ ಸುಲಿದ ಕುದುರೆಯನ್ನು ಒಳಕ್ಕೆ ಎಸೆದ. ಆ ಗಾಬರಿಯಲ್ಲಿ ಮಗ್ಗದ ಹುಡುಗಿಯೊಬ್ಬಳು ಸತ್ತಳು. ಹೆದರಿದ ಅಮಾತೆರಾಸು ಕಲ್ಲಿನ ಗುಹೆ ಸೇರಿ ಬಾಗಿಲು ಹಾಕಿಕೊಂಡಳು. ಲೋಕಕ್ಕೆ ಕತ್ತಲೆ ಕವಿಯಿತು. ದೇವತೆಗಳೆಲ್ಲ ಆಕಾಶದ ಹೊಳೆಯ ದಂಡೆಯಲ್ಲಿ ಸಭೆ ಸೇರಿದರು. ಕೋಳಿಗಳನ್ನು ಕೂಗಿಸಿದರು, ಕನ್ನಡಿ ಮಾಡಿಸಿದರು, ಮರಕ್ಕೆ ಮಣಿಸರ ಕಟ್ಟಿದರು. ಕೊನೆಗೆ ಅಮೆ ನೊ ಉಝುಮೆ ಎಂಬ ದೇವತೆ ಮಗುಚಿಟ್ಟ ತೊಟ್ಟಿಯ ಮೇಲೆ ಹತ್ತಿ ಮೈಮರೆತು ಕುಣಿದಳು. ನೆರೆದ ಎಂಬತ್ತು ಲಕ್ಷ ದೇವತೆಗಳು ಗೊಳ್ಳೆಂದು ನಕ್ಕರು. ನಾನು ಒಳಗಿರುವಾಗ ಹೊರಗೆ ಇದೇನು ನಗು ಎಂದು ಅಮಾತೆರಾಸು ಬಾಗಿಲನ್ನು ಕೊಂಚ ಸರಿಸಿದಳು. ಎದುರಿಗೆ ಕನ್ನಡಿ ಹಿಡಿದರು. ತನ್ನದೇ ಬೆಳಕನ್ನು ಕಂಡು ಬೆರಗಾಗಿ ಇನ್ನಷ್ಟು ಮುಂದೆ ಬಂದಾಗ, ಪಕ್ಕದಲ್ಲಿ ಅಡಗಿದ್ದ ತಜಿಕಾರಾವೊ ಎಂಬ ದೇವರು ಕೈಹಿಡಿದು ಹೊರಗೆ ಕರೆತಂದ.

ಜಪಾನೀ ಬರಹ ದಾಖಲಿಸಿದ ಈ ಮೊದಲ ‘ಕೊಮೊರಿ’ಯಲ್ಲಿ ಗಮನಿಸಬೇಕಾದ ಮೂರು ಸಂಗತಿಗಳಿವೆ. ಒಳಗೆ ಹೋದವಳು ಸೋಮಾರಿಯಲ್ಲ, ನೊಂದವಳು. ಆಕೆ ಒಳಗೆ ಕೂತದ್ದರಿಂದ ನಷ್ಟವಾದದ್ದು ಹೊರಗಿನವರಿಗೆ. ಅದನ್ನು ತಮ್ಮ ಕಷ್ಟವೆಂದು ತಿಳಿದೇ ಅವರು ಕೂಡಿ ಆಲೋಚಿಸಿದರು. ಬಾಗಿಲು ತೆರೆಸಿದ್ದು ಬೈಗುಳವಲ್ಲ, ನಗು. ಆ ನಗು ಅಮಾತೆರಾಸುವನ್ನು ಕುರಿತದ್ದೂ ಆಗಿರಲಿಲ್ಲ. ಹೊರಗೆ ಸೇರಿದವರ ನಡುವೆ ತಾನಾಗಿ ಎದ್ದ ನಗು ಅದು, ಅದಕ್ಕೇ ಅದು ಗುಹೆಯೊಳಗಿದ್ದವಳನ್ನು ಸೆಳೆಯಿತು.

ಎಂಟನೆಯ ಶತಮಾನದ ಕವಿತೆಗಳ ಸಂಕಲನ ‘ಮನ್ಯೋಶು’ವಿಗೆ ಬಂದರೆ ಕೊಮೊರು ಇನ್ನೂ ಮೃದುವಾಗುತ್ತದೆ. ಹಳೆಯ ಜಪಾನೀ ಕಾವ್ಯದಲ್ಲಿ ಕೆಲವು ಪದಗಳಿಗೆ ಮುಂದೆ ತಪ್ಪದೆ ಬರುವ ವಿಶೇಷಣಗಳಿದ್ದವು. ‘ವಸಂತ’ಕ್ಕೆ ಹಾಗೆ ಬರುತ್ತಿದ್ದ ವಿಶೇಷಣಗಳಲ್ಲಿ ಒಂದು ‘ಫುಯುಗೊಮೊರಿ’, ಚಳಿಗಾಲದಲ್ಲಿ ಒಳಗೆ ಸೇರಿಕೊಳ್ಳುವುದು. ಕವಿ ಫುಯುಗೊಮೊರಿ ಎಂದರೆ ಸಾಕು, ಕೇಳುವವರಿಗೆ ಮುಂದಿನ ಪದ ವಸಂತ ಎಂದು ಗೊತ್ತಾಗುತ್ತಿತ್ತು. ಒಳಗಿರುವ ಕಾಲವೇ ಹೊರಬರುವ ಕಾಲವನ್ನು ಕರೆಯುವಂತೆ ಭಾಷೆಯೇ ಕಟ್ಟಿಕೊಟ್ಟಿತ್ತು. ಇನ್ನೊಂದು ವಿಶೇಷಣ ‘ಕೊಮೊರಿಕು ನೊ’. ಸುತ್ತಲೂ ಬೆಟ್ಟಗಳು ಕಾಯುವ ನಾಡು ಎಂಬ ಅರ್ಥದಲ್ಲಿ ಇದು ನಾರಾ ಪ್ರಾಂತ್ಯದ ಹತ್ಸುಸೆ ಕಣಿವೆಯ ಹೆಸರಿನ ಮುಂದೆ ಬರುತ್ತದೆ.

ಅದೇ ಕಣಿವೆಯಲ್ಲಿ ಹನ್ನೊಂದು ಮುಖದ ಬೋಧಿಸತ್ವ ಕನ್ನೊನ್ ವಿಗ್ರಹವಿರುವ ಹಾಸೆ-ದೆರಾ ದೇವಾಲಯ ಎದ್ದಿತು. ಹೆಯಾನ್ ಕಾಲದ ರಾಜಧಾನಿಯ ಹೆಂಗಸರು ಅಲ್ಲಿಗೆ ದಿನಗಟ್ಟಲೆ ಪ್ರಯಾಣ ಮಾಡಿ ಬರುತ್ತಿದ್ದರು. ಬಂದವರು ದರ್ಶನ ಮುಗಿಸಿ ಹೊರಡುತ್ತಿರಲಿಲ್ಲ. ಗುಡಿಯೊಳಗೆ ಪರದೆ ಕಟ್ಟಿಕೊಂಡು ಹಲವು ರಾತ್ರಿ ಅಲ್ಲೇ ಇದ್ದು, ದೇವರು ಕನಸಿನಲ್ಲಿ ಹೇಳುವ ಮಾತಿಗಾಗಿ ಕಾಯುತ್ತಿದ್ದರು. ಇದಕ್ಕೂ ಕೊಮೊರು ಎಂದೇ ಹೆಸರು. ಹತ್ತನೆಯ ಶತಮಾನದ ‘ಕಗೆರೊ ನಿಕ್ಕಿ’ ದಿನಚರಿಯ ಲೇಖಕಿ ಗಂಡನ ಉಪೇಕ್ಷೆಯಿಂದ ಬೆಂದವಳು. ಅವಳು ಇಶಿಯಾಮಾ-ದೆರಾದಲ್ಲಿ ಹೀಗೆ ಉಳಿದ ರಾತ್ರಿ ಒಂದು ಕನಸು ಕಂಡಳು. ಸನ್ಯಾಸಿಯೊಬ್ಬ ಪಾತ್ರೆಯಲ್ಲಿ ನೀರು ತಂದು ಅವಳ ಬಲ ಮೊಣಕಾಲಿನ ಮೇಲೆ ಸುರಿದ. ಎದ್ದವಳಿಗೆ ಬುದ್ಧನೇ ಅದನ್ನು ತೋರಿಸಿದನೇನೋ ಅನ್ನಿಸಿತು. ಮನೆಯಲ್ಲಿ ಹೇಳಿಕೊಳ್ಳಲಾಗದ ದುಃಖಕ್ಕೆ ಅವಳಿಗೆ ಒಂದು ಜಾಗ ಬೇಕಿತ್ತು. ಸಮಾಜ ಆ ಜಾಗವನ್ನು ಒದಗಿಸಿತ್ತು, ಅಲ್ಲಿಗೆ ಹೋಗಿ ಕೂರುವುದನ್ನು ಗೌರವದಿಂದ ಕಾಣುತ್ತಿತ್ತು.

ಈ ಸಂಪ್ರದಾಯ ಅಳಿದಿಲ್ಲ. ನಾರಾದ ತೊದಾಯ್-ಜಿ ದೇವಾಲಯದಲ್ಲಿ ಕ್ರಿ.ಶ. 752ರಿಂದ ಬಿಡದೆ ನಡೆದುಬಂದಿರುವ ಶುನಿ-ಎ ಆಚರಣೆಗೆ ಈಗಲೂ ಪ್ರತಿ ವರ್ಷ ಹನ್ನೊಂದು ಭಿಕ್ಷುಗಳು ಲೋಕವ್ಯವಹಾರ ಬಿಟ್ಟು ಒಳಗೆ ಸೇರುತ್ತಾರೆ. ಮಳೆಗಾಲದಲ್ಲಿ ಬೌದ್ಧ ಭಿಕ್ಷುಗಳು ಒಂದೇ ಕಡೆ ನೆಲೆ ನಿಲ್ಲುವ ವರ್ಷಾವಾಸವೂ ಭಾರತದಿಂದ ಚೀನಾ ದಾಟಿ ಜಪಾನಿಗೆ ಹೋಗಿದೆ, ಅಲ್ಲಿ ಅದರ ಹೆಸರು ‘ಅಂಗೊ’. ಚಾತುರ್ಮಾಸ್ಯ ಕಂಡ ಕನ್ನಡಿಗರಿಗೆ ಇದರ ಮರ್ಮ ವಿವರಿಸಬೇಕಾಗಿಲ್ಲ. ಸುಮ್ಮನೆ ಒಂದೆಡೆ ಕೂರುವುದಕ್ಕೂ ಒಂದು ಆರಂಭ, ಒಂದು ಮುಕ್ತಾಯ, ಒಂದು ಮರ್ಯಾದೆ ಇರುತ್ತಿತ್ತು.

ಇನ್ನು ದಿನಬಳಕೆಯಲ್ಲಿ ಕೊಮೊರು ಹಿಡಿದ ದಾರಿಗಳು ಹಲವು. ಶತ್ರು ಮುತ್ತಿದಾಗ ಕೋಟೆಯೊಳಗಿದ್ದು ಕಾದಾಡುವುದು ‘ರೊಜೊ’, ಅದೇ ಬುಟ್ಟಿಯ ಅಕ್ಷರ ಕೋಟೆಯ ಅಕ್ಷರದೊಂದಿಗೆ ಸೇರಿ ಆದ ಪದ. 1637–38ರ ಶಿಮಾಬರಾ ಬಂಡಾಯದಲ್ಲಿ ರೈತರು ಹರಾ ಕೋಟೆಯಲ್ಲಿ ತಿಂಗಳುಗಟ್ಟಲೆ ಮಾಡಿದ್ದು ರೊಜೊ. ಹಕ್ಕಿ ಗೂಡಿನಲ್ಲಿ ಕಾವು ಕೂರುವುದು ‘ಸುಗೊಮೊರಿ’. ಹೆಂಗಸು ಬಸಿರಾಗುವುದು ‘ಮಿಗೊಮೊರು’, ಮೈಯೊಳಗೆ ಒಂದು ಜೀವ ತುಂಬಿಕೊಳ್ಳುವುದು. ಹೇಳಲಾರದೆ ತಡವರಿಸುವವನ ಮಾತು ‘ಕುಚಿಗೊಮೊರು’, ಬಾಯೊಳಗೇ ಉಳಿದ ಮಾತು. ಪ್ರೀತಿಯಿಂದ ಮಾಡಿ ಬಡಿಸಿದ ಅಡುಗೆಯನ್ನು ಹೊಗಳುವಾಗ ಜಪಾನೀಯರು ‘ಕೊಕೊರೊ ನೊ ಕೊಮೊತ್ತಾ’ ಎನ್ನುತ್ತಾರೆ, ಮನಸ್ಸು ತುಂಬಿದ ಅಡುಗೆ. ಇಷ್ಟನ್ನೂ ಒಟ್ಟಿಗಿಟ್ಟು ನೋಡಿದರೆ ಕೊಮೊರು ಪದದ ಒಡಲಲ್ಲಿ ಖಾಲಿತನವಿಲ್ಲ. ಒಳಗೆ ಏನೋ ಇದೆ, ಅದು ತುಂಬಿದೆ, ಇನ್ನೂ ಹೊರಬಂದಿಲ್ಲ. ಮೊಟ್ಟೆ, ಮಗು, ಮಾತು, ಮಮತೆ, ಎಲ್ಲಕ್ಕೂ ಇದೇ ಅರ್ಥ ಹೊಂದುತ್ತದೆ.

ಈ ಅರ್ಥ ಬದಲಾದದ್ದು ತೀರ ಇತ್ತೀಚೆಗೆ. 1980ರ ದಶಕದಲ್ಲಿ ಜಪಾನಿನ ಶಿಕ್ಷಕರನ್ನೂ ವೈದ್ಯರನ್ನೂ ಕಾಡುತ್ತಿದ್ದುದು ಶಾಲೆಗೆ ಹೋಗಲೊಲ್ಲದ ಮಕ್ಕಳ ಪ್ರಶ್ನೆ. ಅದಕ್ಕೆ ‘ತೊಕೊ ಕ್ಯೊಹಿ’, ಶಾಲಾ ನಿರಾಕರಣೆ, ಎನ್ನುತ್ತಿದ್ದರು. ಆ ಮಕ್ಕಳಲ್ಲಿ ಕೆಲವರು ಇಪ್ಪತ್ತು ದಾಟಿದರೂ ಹೊರಗೆ ಬರಲಿಲ್ಲ. ಶಾಲೆಯ ವಯಸ್ಸೇ ಮುಗಿದವರನ್ನು ಶಾಲೆ ನಿರಾಕರಿಸಿದವರು ಎನ್ನುವುದು ಹೇಗೆ? ಹೊಸ ಪದ ಬೇಕಾಯಿತು. ಮನೋವೈದ್ಯ ಸೈತೊ ತಮಾಕಿ 1998ರಲ್ಲಿ ‘ಶಕಾಯ್‌ತೆಕಿ ಹಿಕಿಕೊಮೊರಿ’ ಎಂಬ ಪುಸ್ತಕ ಪ್ರಕಟಿಸಿದರು. ಮುಗಿಯದ ಹದಿಹರೆಯ ಎಂಬುದು ಅದರ ಉಪಶೀರ್ಷಿಕೆಯ ಅರ್ಥ. ಅಮೆರಿಕದ ಮನೋವೈದ್ಯರು ರೋಗಲಕ್ಷಣಗಳಲ್ಲಿ ಒಂದಾಗಿ ಎಣಿಸುತ್ತಿದ್ದ ‘ಸೋಷಿಯಲ್ ವಿತ್‌ಡ್ರಾವಲ್’ ಎಂಬುದಕ್ಕೆ ಜಪಾನಿಯಲ್ಲಿ ಸಿಕ್ಕ ರೂಪವೇ ಇದು. ಆರು ತಿಂಗಳಿಗೂ ಮೀರಿ ಮನೆಯಲ್ಲೇ ಇದ್ದು ಸಮಾಜದಲ್ಲಿ ಪಾಲ್ಗೊಳ್ಳದಿರುವುದು, ಅದಕ್ಕೆ ಬೇರೆ ಮಾನಸಿಕ ಕಾಯಿಲೆ ಮುಖ್ಯ ಕಾರಣವಾಗಿಲ್ಲದಿರುವುದು ಎಂದು ಸೈತೊ ವಿವರಿಸಿದರು. ಇದು ಕಾಯಿಲೆಯ ಹೆಸರಲ್ಲ, ಒಂದು ಸ್ಥಿತಿ ಎಂದೂ ಒತ್ತಿ ಹೇಳಿದರು.

ಆದರೆ ಜಪಾನೀ ವ್ಯಾಕರಣ ಬೇರೆ ದಿಕ್ಕಿಗೆ ಎಳೆಯಿತು. ಕನ್ನಡದಲ್ಲಿ ಓಟ ಬೇರೆ, ಓಟಗಾರ ಬೇರೆ. ಕಳವು ಬೇರೆ, ಕಳ್ಳ ಬೇರೆ. ಜಪಾನಿಯಲ್ಲಿ ಎಷ್ಟೋ ಸಲ ಎರಡಕ್ಕೂ ಒಂದೇ ರೂಪ. ‘ಸುರಿ’ ಎಂದರೆ ಜೇಬುಗಳ್ಳತನವೂ ಹೌದು, ಜೇಬುಗಳ್ಳನೂ ಹೌದು. ‘ಮಿನರಾಯ್’ ಎಂದರೆ ನೋಡಿ ಕಲಿಯುವುದು, ಹಾಗೆ ಕಲಿಯುವ ಹುಡುಗನೂ ಅದೇ. ಹಾಗೆಯೇ ಸ್ಥಿತಿಗೆ ಇಟ್ಟ ಹೆಸರು ಮನುಷ್ಯನ ಹೆಸರಾಗಿಬಿಟ್ಟಿತು. ಅವನು ಒಳಗಿದ್ದಾನೆ ಎನ್ನುವ ಮಾತು ಅವನೇ ಹಿಕಿಕೊಮೊರಿ ಎನ್ನುವ ಮಾತಾಯಿತು. 2000ದ ಆಸುಪಾಸಿನಲ್ಲಿ ನಡೆದ ಕೆಲವು ಕ್ರೂರ ಅಪರಾಧಗಳ ಸುದ್ದಿಯೊಂದಿಗೆ ಈ ಪದ ತಳಕು ಹಾಕಿಕೊಂಡಾಗ ಭಯವೂ ಸೇರಿತು. ಬಾಗಿಲ ಹಿಂದೆ ಇರುವವನು ನೊಂದವನು ಎಂಬ ಹಳೆಯ ತಿಳಿವು ಮಸುಕಾಗಿ, ಅವನಿಂದ ಏನು ಕಾದಿದೆಯೋ ಎಂಬ ಅನುಮಾನ ಮುಂದೆ ಬಂತು. ಅನುಮಾನಕ್ಕೆ ಅಂಜಿ ಎಷ್ಟೋ ಮನೆಗಳು ಮಗನ ವಿಷಯವನ್ನೇ ಮುಚ್ಚಿಟ್ಟವು. ಹೀಗೆ ಒಬ್ಬನ ಜೊತೆಗೆ ಇಡೀ ಮನೆಯೇ ಒಳಗೆ ಸೇರಿಕೊಂಡಿತು.

ಪ್ರಶ್ನೆ ಎಷ್ಟು ದೊಡ್ಡದು ಎಂಬುದನ್ನು ಸರ್ಕಾರದ ಸಮೀಕ್ಷೆಗಳು ಹೇಳುತ್ತವೆ. 15ರಿಂದ 39 ವಯಸ್ಸಿನವರಲ್ಲಿ ಸುಮಾರು 5,41,000 ಮಂದಿ ಎಂದು ಸಂಪುಟ ಕಚೇರಿ 2016ರಲ್ಲಿ ಅಂದಾಜು ಮಾಡಿತು. ಇದು ಹರೆಯದವರ ತೊಂದರೆ ಎಂಬ ನಂಬಿಕೆ 2019ರಲ್ಲಿ ಮುರಿಯಿತು. 40ರಿಂದ 64 ವಯಸ್ಸಿನವರನ್ನು ಹುಡುಕಿದಾಗ ಅಂದಾಜು 6,13,000ಕ್ಕೆ ಬಂತು. 2023ರಲ್ಲಿ ಹೊರಬಂದ ಅಂದಾಜಿನ ಪ್ರಕಾರ 15ರಿಂದ 64 ವಯಸ್ಸಿನವರಲ್ಲಿ 14,60,000 ಮಂದಿ, ಅಂದರೆ ಸರಿಸುಮಾರು ಐವತ್ತಕ್ಕೆ ಒಬ್ಬರು. ಐವತ್ತು ದಾಟಿದ ಮಗನನ್ನು ಎಂಬತ್ತು ದಾಟಿದ ತಾಯಿ ತನ್ನ ಪಿಂಚಣಿಯಲ್ಲಿ ಸಾಕುವ ಮನೆಗಳು ಎಷ್ಟಾಗಿವೆಯೆಂದರೆ, ‘ಎಂಬತ್ತು-ಐವತ್ತು ಸಮಸ್ಯೆ’ ಎಂಬ ಹೆಸರೇ ಹುಟ್ಟಿದೆ.

ಇಚಿಮಾತ್ಸುವಿನ ಕತೆ ಈ ಹಿನ್ನೆಲೆಯಲ್ಲಿ ಹುಟ್ಟಿದ್ದು. ಮೂಲ ಕಾಮಿಕ್ ‘ಒಸೊಮಾತ್ಸು-ಕುನ್’. ಅಕಾತ್ಸುಕಾ ಫುಜಿಯೊ ಅದನ್ನು 1962ರಲ್ಲಿ ‘ಶೊನೆನ್ ಸಂಡೆ’ ವಾರಪತ್ರಿಕೆಯಲ್ಲಿ ಶುರು ಮಾಡಿದರು. ಅದರಲ್ಲಿ ಆರೂ ಹುಡುಗರದ್ದು ಒಂದೇ ಮುಖ, ಒಂದೇ ಬಟ್ಟೆ. ಯಾರು ಯಾರೆಂದು ಹೆತ್ತವರಿಗೂ ತಿಳಿಯದಿರುವುದೇ ತಮಾಷೆ. ಅಕಾತ್ಸುಕಾ 2008ರಲ್ಲಿ ತೀರಿಕೊಂಡರು. ಅವರು ಹುಟ್ಟಿ 80 ವರ್ಷವಾದ ನೆನಪಿಗೆ ಸ್ಟುಡಿಯೊ ಪಿಯೆರೊ 2015ರ ಅಕ್ಟೋಬರಿನಲ್ಲಿ ‘ಒಸೊಮಾತ್ಸು-ಸಾನ್’ ತಂದಿತು. ನಿರ್ದೇಶಕ ಫುಜಿತಾ ಯೊಯಿಚಿ. ‘ಕುನ್’ ಹುಡುಗರಿಗೆ, ‘ಸಾನ್’ ದೊಡ್ಡವರಿಗೆ ಹಚ್ಚುವ ಗೌರವಪದ. ಹೆಸರಿಗೆ ತಕ್ಕಂತೆ ಆರೂ ಜನ ಬೆಳೆದಿದ್ದಾರೆ, ಆದರೆ ಒಬ್ಬನಿಗೂ ಕೆಲಸವಿಲ್ಲ. ಎಲ್ಲರೂ ಅಪ್ಪ ಅಮ್ಮನ ಮನೆಯಲ್ಲೇ ಇರುವ ‘ನೀಟ್’ಗಳು. ಓದು, ಕೆಲಸ, ತರಬೇತಿ ಯಾವುದರಲ್ಲೂ ಇಲ್ಲದ ಯುವಕರಿಗೆ ಬ್ರಿಟನ್ನಿನ ಅಧಿಕಾರಿಗಳು ಇಟ್ಟ ಈ ಹೆಸರು 2004ರ ಹೊತ್ತಿಗೆ ಜಪಾನಿನಲ್ಲಿ ಮನೆಮಾತಾಗಿತ್ತು.

ಮುಖ ಒಂದೇ ಆದರೂ ಈಗ ಒಬ್ಬೊಬ್ಬರದು ಒಂದು ಸ್ವಭಾವ, ಒಂದು ಬಣ್ಣ. ಇಚಿಮಾತ್ಸುವಿನದು ನೇರಳೆ. ಅರೆಮುಚ್ಚಿದ ಕಣ್ಣು, ಕೆದರಿದ ಕೂದಲು, ಬಾಗಿದ ಬೆನ್ನು. ಮನೆಯ ಮೂಲೆಯಲ್ಲಿ ಮೊಣಕಾಲು ಅಪ್ಪಿಕೊಂಡು ಕೂರುತ್ತಾನೆ. ಕೆಲವೊಮ್ಮೆ ಮುಖಕ್ಕೆ ಮಾಸ್ಕ್ ಹಾಕಿಕೊಂಡು ಹೊರಡುತ್ತಾನೆ. ತನ್ನನ್ನು ಕಸವೆಂದು ತಾನೇ ಕರೆದುಕೊಳ್ಳುತ್ತಾನೆ. ಕಂಠದಾನ ಮಾಡಿದ ಫುಕುಯಾಮಾ ಜುನ್ ಅವನ ಮಾತನ್ನು ಗಂಟಲಲ್ಲೇ ತಡೆದು ಆಡುತ್ತಾರೆ. ಕುಚಿಗೊಮೊರು ಎಂದರೆ ಏನೆಂದು ಕಿವಿಯಿಂದ ತಿಳಿಯಬೇಕಾದವರು ಆ ದನಿಯನ್ನು ಕೇಳಬೇಕು. ಆದರೆ ಅವನು ಮನೆ ಬಿಟ್ಟು ಹೊರಡದವನಲ್ಲ. ಗಲ್ಲಿಯ ಬೆಕ್ಕುಗಳಿಗೆ ತಿನ್ನಲು ಕೊಡಲು ಹೋಗುತ್ತಾನೆ, ಅಣ್ಣತಮ್ಮಂದಿರೊಂದಿಗೆ ಸಾರ್ವಜನಿಕ ಸ್ನಾನದ ಮನೆಗೆ ಹೋಗುತ್ತಾನೆ. ಸೈತೊ ಕೊಟ್ಟ ವಿವರಣೆಗೆ ಅವನು ಸೇರುವುದಿಲ್ಲ.

ಮುಚ್ಚಿಕೊಳ್ಳಲು ಅವನಿಗೆ ಬಾಗಿಲೂ ಇಲ್ಲ. ಹಿಕಿಕೊಮೊರಿ ಎಂದಾಗ ಕಣ್ಣಮುಂದೆ ಬರುವುದು ಮಕ್ಕಳಿಗೆ ಪ್ರತ್ಯೇಕ ಕೋಣೆಯಿರುವ ಯುದ್ಧಾನಂತರದ ಮಧ್ಯಮವರ್ಗದ ಮನೆ. ಕೋಣೆಯ ಮುಂದೆ ತಾಯಿ ಊಟದ ತಟ್ಟೆ ಇಟ್ಟು ಹೋಗುವ ದೃಶ್ಯ ಎಷ್ಟೋ ಕತೆಗಳಲ್ಲಿ ಬಂದಿದೆ. ತಕಿಮೊತೊ ತತ್ಸುಹಿಕೊ ಅವರ 2002ರ ಕಾದಂಬರಿಯಿಂದ 2006ರಲ್ಲಿ ಮಾಡಿದ ‘ಎನ್‌ಎಚ್‌ಕೆ ನಿ ಯೊಕೊಸೊ’ ಅನಿಮೆಯ ನಾಯಕ ಸತೊನಿಗೆ ಪೂರ್ತಿ ಬಾಡಿಗೆ ಮನೆಯೇ ಇದೆ, ಅವನ ಒಂಟಿತನಕ್ಕೆ ಗೋಡೆಗಳು ಜೊತೆಯಾಗಿವೆ. ಇಚಿಮಾತ್ಸುವಿನ ಮಾತ್ಸುನೊ ಮನೆತನದಲ್ಲಿ ಆರು ಜನಕ್ಕೆ ಒಂದೇ ಕೋಣೆ, ಆರು ಜನಕ್ಕೆ ಒಂದೇ ಉದ್ದದ ಹಾಸಿಗೆ. ರಾತ್ರಿ ಇಚಿಮಾತ್ಸುವಿನ ಅಕ್ಕಪಕ್ಕ ಯಾರಾದರೂ ಇದ್ದೇ ಇರುತ್ತಾರೆ. ಅವನು ಸೇರಿಕೊಳ್ಳುವ ಗುಹೆ ಅವನ ಮೈಯೇ, ಆ ಬಾಗಿದ ಬೆನ್ನು, ಆ ಮಾಸ್ಕ್.

ಮೊದಲ ಸರಣಿಯ ಐದನೆಯ ಕಂತಿನಲ್ಲಿ ಆ ಗುಹೆ ತೆರೆಯುತ್ತದೆ. ದೆಕಾಪಾನ್ ಎಂಬ ವಿಜ್ಞಾನಿಯ ಔಷಧದಿಂದ ಬೆಕ್ಕೊಂದಕ್ಕೆ ಎದುರಿಗಿರುವವರ ಮನಸ್ಸಿನ ಮಾತನ್ನು ಬಾಯಿಬಿಟ್ಟು ಹೇಳುವ ಶಕ್ತಿ ಬರುತ್ತದೆ. ಗೆಳೆಯರು ಯಾರೂ ನನಗೆ ಬೇಡ ಎಂದು ಇಚಿಮಾತ್ಸು ಅಣ್ಣತಮ್ಮಂದಿರ ಮುಂದೆ ಒರಟಾಗಿ ಹೇಳುವಾಗ, ಬೆಕ್ಕು ಅವನ ನಿಜವನ್ನು ಹೊರಗೆ ಹಾಕುತ್ತದೆ. ಜನರೊಂದಿಗೆ ಬೆರೆಯಲು ಅವನಿಗೆ ಧೈರ್ಯವಿಲ್ಲ, ಆದರೆ ಮನೆಯಲ್ಲಿ ಇವರೆಲ್ಲ ಇದ್ದಾರಲ್ಲ, ಅಷ್ಟು ಸಾಕು ಎಂಬುದೇ ಆ ನಿಜ. ನಾಚಿಕೆ ತಾಳಲಾರದೆ ಅವನು ಬೆಕ್ಕನ್ನು ದೂರ ಮಾಡುತ್ತಾನೆ. ಆಗ ಮರುಮಾತಿಲ್ಲದೆ ಅದನ್ನು ಹುಡುಕಿಕೊಂಡು ಓಡುವವನು ಐದನೆಯವನಾದ ಜೂಶಿಮಾತ್ಸು, ಮನೆಯಲ್ಲಿ ಎಲ್ಲರಿಗಿಂತ ಹೆಚ್ಚು ಗದ್ದಲದವನು. ಇಚಿಮಾತ್ಸುವಿಗೆ ಬುದ್ಧಿ ಹೇಳಲು ಅವನು ಒಂದು ಕ್ಷಣವನ್ನೂ ಕಳೆಯುವುದಿಲ್ಲ.

ಈ ದೃಶ್ಯದಲ್ಲಿ ನಗು ಎಲ್ಲಿಂದ ಬರುತ್ತದೆ ಎಂದು ನೋಡಿ. ಇಚಿಮಾತ್ಸು ದುರ್ಬಲ ಎಂದು ನಾವು ನಗುವುದಿಲ್ಲ. ಆ ಮನೆಯಲ್ಲಿ ಅವನನ್ನು ಅಳೆಯಲು ‘ಸರಿಯಾದ’ ಅಣ್ಣನೊಬ್ಬನೂ ಇಲ್ಲ, ಆರು ಜನರೂ ಲೋಕದ ಲೆಕ್ಕದಲ್ಲಿ ಸೋತವರು. ಜಂಭದವನು, ಬಡಾಯಿಗಾರ, ಕಿರಿಕಿರಿಯವನು, ಗದ್ದಲದವನು, ಚಾಲಾಕಿ ಇವರ ನಡುವೆ ಒಳಮುಖಿಯೂ ಒಬ್ಬ. ಅವನನ್ನು ಬದಲಾಯಿಸಿ ಹೊರಗೆ ಕಳಿಸಬೇಕೆಂಬ ಅವಸರ ಯಾರಿಗೂ ಇಲ್ಲ. ಅವನು ಸುಮ್ಮನಿದ್ದರೂ ತಮ್ಮವನೇ. ಗುಹೆಯ ಬಾಗಿಲಲ್ಲಿ ದೇವತೆಗಳು ನಕ್ಕ ನಗುವಿಗೂ ಈ ನಗುವಿಗೂ ಇರುವ ನಂಟು ಇದು.

ಹಾಗಾದರೆ ಹೆಸರು ಅವನಿಗೆ ಒಪ್ಪುತ್ತದೆಯೇ? ಸಮೀಕ್ಷೆಯ ಅರ್ಥದಲ್ಲಿ ಅವನು ಹಿಕಿಕೊಮೊರಿ ಅಲ್ಲ. ಹಳೆಯ ಅರ್ಥದಲ್ಲಿ ಕೊಮೊರು ಪದಕ್ಕೆ ಅವನಿಗಿಂತ ಒಳ್ಳೆಯ ಉದಾಹರಣೆ ಸಿಗುವುದು ಕಷ್ಟ. ಮಮತೆ ಒಳಗೆ ತುಂಬಿದೆ, ಹೊರಗೆ ಬರುವ ದಾರಿ ಸಿಕ್ಕಿಲ್ಲ. ಬೆಕ್ಕು ಆಡಿದ್ದು ಆ ತುಂಬಿದ ಮಾತನ್ನೇ. ಇಂಥವರನ್ನು ಖಾಲಿ ಎಂದು ತಿಳಿಯುವುದು ಭಾಷೆಗೂ ಮಾಡುವ ಅನ್ಯಾಯ, ಮನುಷ್ಯರಿಗೂ ಮಾಡುವ ಅನ್ಯಾಯ.

ಜಪಾನಿನಲ್ಲಿ ಈಗ ಪದ ಮತ್ತೆ ಹೊರಳುತ್ತಿದೆ. ಆರೋಗ್ಯ ಸಚಿವಾಲಯ ತನ್ನ ಬರಹಗಳಲ್ಲಿ ‘ಹಿಕಿಕೊಮೊರಿ ಸ್ಥಿತಿಯಲ್ಲಿರುವವರು’ ಎಂದು ಗೌರವದ ರೂಪದಲ್ಲಿ ಬರೆಯುತ್ತದೆ, ಮನುಷ್ಯನನ್ನೂ ಅವನ ಸ್ಥಿತಿಯನ್ನೂ ಬೇರೆ ಮಾಡಿ. ಅವರ ಜೊತೆ ಕೆಲಸ ಮಾಡುವವರು ‘ಇಬಾಶೊ’ ಎಂಬ ಪದವನ್ನು ಬಹಳ ಬಳಸುತ್ತಾರೆ, ಅಂದರೆ ಏನನ್ನೂ ಸಾಧಿಸದೆಯೂ ಇರಬಹುದಾದ ಜಾಗ. ಹತ್ಸುಸೆ ಕಣಿವೆಯ ಗುಡಿ ಒಂದು ಕಾಲದಲ್ಲಿ ಅಂಥ ಜಾಗವಾಗಿತ್ತು. ಆರು ಜನರ ಹಾಸಿಗೆಯೂ ತನ್ನ ರೀತಿಯಲ್ಲಿ ಅಂಥದೇ. ಇಂಥ ಜಾಗವನ್ನು ಒದಗಿಸುವುದು ಒಳಗೆ ಕೂತವನ ಕೆಲಸವಲ್ಲ, ಹೊರಗಿರುವವರ ಕೆಲಸ. 712ರ ಆ ಗ್ರಂಥ ಹೇಳಿದ್ದೂ ಇದನ್ನೇ: ಬೆಳಕು ಬೇಕಾದವರು ಬಾಗಿಲಲ್ಲಿ ಬಂದು ಸೇರಬೇಕು, ತೆರೆಯುವವರೆಗೂ ಅಲ್ಲೇ ಇರಬೇಕು.